ಮಾತು ನುಂಗಿದ ಕೇಬಲ್

ಗ್ರಾಮಸಭೆಯ ವಿಡಿಯೋವನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಅರ್ಧ ತಾಸೂ ಆಗಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದ ದೊಡ್ಡವ್ವನ ಫೋನ್ ಬಂತು.

“ತಮ್ಮಾ, ನಾ ಕಾಣಸ್ತೀನಿ, ಸಾಹೇಬ್ರು ಕಾಣಸ್ತಾರ, ಬಾಯಿ ಅಲ್ಲಾಡ್ತಾವ. ಮಾತ ಕೇಳಸವಲ್ದು.”

“ಸೌಂಡ್ ಜಾಸ್ತಿ ಮಾಡ್ರಿ ದೊಡ್ಡವ್ವ.”

“ಮಾಡೇನಪಾ. ಸೊಳ್ಳಿ ಗುಂಯ್ ಅಂದಂಗ ಅಂತೈತಿ, ಅಷ್ಟ.”

“ಹಂಗಾರ ನಿಮ್ಮ ಫೋನ್ ಕೆಟ್ಟಿರಬೇಕ್ರಿ.”

“ನಂದೊಂದ ಕೆಟ್ಟಿದ್ರ ಹೌದಪಾ. ಇಡೀ ಓಣಿ ಫೋನ್ ಕೆಟ್ಟಾವೇನು?”

ನಾವಿಬ್ಬರು, ಅಂದರೆ ಬರೆಯುವವರೊಬ್ಬರು, ಕ್ಯಾಮೆರಾ ಹಿಡಿಯುವವರೊಬ್ಬರು, ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಕೂತಿದ್ದೆವು. ಇಯರ್‌ಫೋನ್ ಹಾಕಿ ವಿಡಿಯೋ ಮತ್ತೆ ಕೇಳಿದೆವು. ಮಾತು ಸ್ಪಷ್ಟವಾಗಿಯೇ ಇತ್ತು. ಎಡಿಟ್ ಮಾಡುವಾಗಲೂ ಹೀಗೇ ಕೇಳಿ, ಹೀಗೇ ಖುಷಿಪಟ್ಟಿದ್ದೆವು. ಈಗ ಇಯರ್‌ಫೋನ್ ಕಿತ್ತು ಫೋನಿನ ಸ್ಪೀಕರಿನಲ್ಲಿ ಹಾಕಿದೆವು. ದೊಡ್ಡವ್ವ ಹೇಳಿದ್ದು ನಿಜ. ಬಾಯಿ ಅಲ್ಲಾಡುತ್ತಿತ್ತು, ಮಾತಿರಲಿಲ್ಲ.

ನಮಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಆ ವಿಡಿಯೋದಲ್ಲಿ ಒಂದು ಮಾತಿತ್ತು.

ಆ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಎಂಟು ತಿಂಗಳಿಂದ ಬಂದ್ ಆಗಿತ್ತು. ಬೋರಿನ ನೀರಿನಲ್ಲಿ ಫ್ಲೋರೈಡ್. ಬೈಕ್ ಇದ್ದವರು ಪಕ್ಕದ ಊರಿನಿಂದ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದರು, ಇಲ್ಲದವರು ಬೋರಿನ ನೀರನ್ನೇ ಕುಡಿಯುತ್ತಿದ್ದರು. ಗ್ರಾಮಸಭೆಯಲ್ಲಿ ದೊಡ್ಡವ್ವ ಎದ್ದು ನಿಂತು, ಬಗ್ಗದ ಮೊಣಕಾಲು ತೋರಿಸಿ, “ಇನ್ನ ನನ್ನ ಮೊಮ್ಮಕ್ಕಳೂ ಹಿಂಗ ಆಗಬೇಕೇನ್ರಿ?” ಎಂದು ಕೇಳಿದ್ದಳು. ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ ಮೈಕ್ ಹಿಡಿದು, “ಹದಿನೈದು ದಿವಸದಾಗ ಚಾಲೂ ಮಾಡಿಸ್ತೀವಿ, ಇದು ನನ್ನ ಜವಾಬ್ದಾರಿ” ಎಂದಿದ್ದರು. ಚಪ್ಪಾಳೆ ಬಿದ್ದಿತ್ತು. ಆದರೆ ನಡಾವಳಿ ಪುಸ್ತಕದಲ್ಲಿ ಬರೆದದ್ದು ಒಂದೇ ಶಬ್ದ: “ಪರಿಶೀಲಿಸಲಾಗುವುದು.”

ಹದಿನೈದು ದಿನದ ಆ ಮಾತಿಗೆ ಇದ್ದ ಸಾಕ್ಷಿ ನಮ್ಮ ರೆಕಾರ್ಡಿಂಗ್ ಮಾತ್ರ. ಅದು ಊರಿನ ಫೋನುಗಳಲ್ಲಿ ಮೂಕವಾಗಿತ್ತು. ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಬಂದ ದನಿಯನ್ನು ನೋಡೋಣವೆಂದರೆ ಅಲ್ಲಿ ಜನರೇಟರಿನ ಗದ್ದಲ, ಮಕ್ಕಳ ಕೂಗು. ಸಾಹೇಬರ ಮಾತು ಅದರೊಳಗೆ ಮುಳುಗಿಹೋಗಿತ್ತು.

ಮೈಕ್ ಸೆಟ್ ಕಾಕಾ

ಸೀದಾ ಹೋದದ್ದು ಆ ಸಭೆಗೆ ಮೈಕ್ ಹಾಕಿದ್ದ ಕಾಕಾನ ಹತ್ತಿರ. ಮದುವೆ, ಜಾತ್ರೆ, ಚುನಾವಣೆ, ಮಣ್ಣಿನ ಮನೆಯ ಭಜನೆ, ಎಲ್ಲಕ್ಕೂ ಅವರದೇ ಸೆಟ್. ಓದಿದ್ದು ಏಳನೆಯ ತರಗತಿ. ನಮ್ಮ ಫೋನ್ ಇಸಿದುಕೊಂಡು ಇಯರ್‌ಫೋನಿನ ಎಡದ ತುದಿಯನ್ನಷ್ಟೇ ಕಿವಿಗಿಟ್ಟು ಕೇಳಿದರು. ಆಮೇಲೆ ಬಲದ್ದನ್ನಷ್ಟೇ ಕೇಳಿದರು. ಆಮೇಲೆ ಕಿತ್ತು ಸ್ಪೀಕರಿನಲ್ಲಿ ಕೇಳಿದರು.

“ಬ್ಯಾರೆ ಬ್ಯಾರೆ ಕೇಳಿದ್ರ ಛಲೋ ಐತಿ, ಕೂಡಿಸಿದ್ರ ಇಲ್ಲ. ನಿಮ್ಮ ವಾಯರ್ ತೋರಸ್ರಿ.”

ತೋರಿಸಿದೆವು. ಒಂದು ತುದಿಗೆ ಮೂರು ಪಿನ್ನಿನ ದಪ್ಪ ಕೆನನ್, ಇನ್ನೊಂದು ತುದಿಗೆ ಇಯರ್‌ಫೋನಿನಂಥದೇ ಸಣ್ಣ ಇಪಿ ಪಿನ್. ಪೇಟೆಯಲ್ಲಿ ರೆಡಿಮೇಡ್ ತಂದದ್ದು. ಕೆನನ್ ತುದಿ ಮಿಕ್ಸರಿಗೆ ಕೂತಿತು, ಇಪಿ ತುದಿ ರೆಕಾರ್ಡರಿಗೆ ಕೂತಿತು, ದನಿಯೂ ಬಂತು. ಇನ್ನೇನು ಬೇಕು ಎಂದುಕೊಂಡಿದ್ದೆವು.

ಕಾಕಾ ಎರಡೂ ಪಿನ್ ಬಿಚ್ಚಿದರು. “ನಿಮ್ಮ ತಪ್ಪು ಇಲ್ಲೈತಿ ನೋಡ್ರಿ” ಎಂದು ಸ್ಕ್ರೂಡ್ರೈವರಿನ ತುದಿ ಇಟ್ಟು ತೋರಿಸಿದರು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇವೆ.

ಕೆನನ್ ಪಿನ್ನಿನಲ್ಲಿ 1, 2, 3 ಎಂದು ನಂಬರ್ ಇರುತ್ತವೆ. 1 ಅರ್ಥಿಂಗಿನದು. 2ರಲ್ಲಿ ದನಿ ಬರುತ್ತದೆ. 3ರಲ್ಲಿ ಅದೇ ದನಿ ಉಲ್ಟಾ ಆಗಿ ಬರುತ್ತದೆ. 2ರಲ್ಲಿ ಅಲೆ ಮೇಲೆದ್ದಾಗ 3ರಲ್ಲಿ ಕೆಳಗಿಳಿಯುತ್ತದೆ. ಇದನ್ನು ಬ್ಯಾಲೆನ್ಸ್ಡ್ ಲೈನ್ ಎನ್ನುತ್ತಾರೆ. ಒಂದೇ ದನಿಯನ್ನು ಎರಡು ಎಳೆಯಲ್ಲಿ ಕಳಿಸುವುದಕ್ಕೆ ಕಾರಣವಿದೆ. ವೇದಿಕೆಯಿಂದ ಮಿಕ್ಸರಿಗೆ ಐವತ್ತು ಮೀಟರ್ ವಾಯರ್ ಎಳೆದಿರುತ್ತೇವೆ. ದಾರಿಯಲ್ಲಿ ಕರೆಂಟ್ ವಾಯರ್, ಜನರೇಟರ್, ಸೀರಿಯಲ್ ಲೈಟು, ಎಲ್ಲದರ ಗಲೀಜೂ ಅದರೊಳಗೆ ಸೇರುತ್ತದೆ. ಒಟ್ಟಿಗೆ ಹೊಸೆದ ಎರಡು ಎಳೆಗೂ ಆ ಗಲೀಜು ಸಮನಾಗಿ ಬೀಳುತ್ತದೆ. ಆಚೆ ತುದಿಯ ಯಂತ್ರ ಎರಡು ಎಳೆಯ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಸಮ ದೂಳು ಬಿದ್ದರೆ ತೂಕ ಬದಲಾಗುವುದಿಲ್ಲವಲ್ಲ, ಹಾಗೆ. ಗಲೀಜು ಹೋಗಿ ದನಿ ಉಳಿಯುತ್ತದೆ.

ಆದರೆ ಆಚೆ ತುದಿಯಲ್ಲಿ ಆ ಲೆಕ್ಕ ಗೊತ್ತಿರುವ ಯಂತ್ರ ಇರಬೇಕು. ನಮ್ಮ ಸಣ್ಣ ರೆಕಾರ್ಡರಿಗೆ ಅದು ಗೊತ್ತಿಲ್ಲ. ಇಪಿ ಪಿನ್ನಿನಲ್ಲಿ ಬಂದ ಎರಡು ಎಳೆಗಳನ್ನು ಅದು ಸ್ಟೀರಿಯೊದ ಎಡ ಮತ್ತು ಬಲ ಎಂದುಕೊಂಡಿತು. ಎಡಗಡೆ ಸೀದಾ ದನಿ, ಬಲಗಡೆ ಉಲ್ಟಾ ದನಿ. ಇಯರ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಹೋದಾಗ ಮಾತು ಕೇಳುತ್ತದೆ. ತಲೆಯೊಳಗೆ ಸ್ವಲ್ಪ ಪೊಳ್ಳು ಅನ್ನಿಸುತ್ತದೆ, ಅಷ್ಟೇ. ಒಂದೇ ಸ್ಪೀಕರಿನ ಫೋನ್ ಮಾತ್ರ ಎಡವನ್ನೂ ಬಲವನ್ನೂ ಕೂಡಿಸಿಬಿಡುತ್ತದೆ. ಸೀದಾಕ್ಕೆ ಉಲ್ಟಾ ಕೂಡಿದರೆ ಸೊನ್ನೆ.

“ಚಕ್ಕಡಿ ಮುಂದ ಒಬ್ಬಾವ, ಹಿಂದ ಒಬ್ಬಾವ ನಿಂತು ಒಂದ ಸಮ ನೂಕಿದ್ರ ಬಂಡಿ ಎಲ್ಲಿಗೆ ಹೊಕ್ಕೈತಿ?” ಎಂದರು ಕಾಕಾ.

ಡಿಪ್ಲೊಮಾದಲ್ಲಿ ನಮಗೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆ ಕಲಿಸಿದ್ದರು. ಯಾವ ವಾಯರ್ ಎಂಬ ಏಳನೆಯ ಪ್ರಶ್ನೆಯನ್ನು ಯಾರೂ ಕಲಿಸಿರಲಿಲ್ಲ.

ಅವರು ಬೆಸುಗೆ ಕಡ್ಡಿ ಕಾಯಿಸಿ ನಮ್ಮ ಕೇಬಲನ್ನು ಹೊಸದಾಗಿ ಕಟ್ಟಿದರು. 2ನೆಯ ಪಿನ್ನಿನ ಎಳೆಯನ್ನೇ ಇಪಿಯ ಎಡಕ್ಕೂ ಬಲಕ್ಕೂ ಕೊಟ್ಟರು, 1ನ್ನು ಅರ್ಥಿಂಗಿಗೆ ಕೊಟ್ಟರು, 3ನ್ನು ಹಾಗೇ ಬಿಟ್ಟರು. ಅವರ ಮಿಕ್ಸರಿಗೆ ಅಷ್ಟು ಸಾಕಿತ್ತು. ಹಳೆಯ ರೆಕಾರ್ಡಿಂಗಿಗೂ ದಾರಿ ಇತ್ತು. ಎಡಿಟಿಂಗಿನಲ್ಲಿ ಬಲಗಡೆಯ ದನಿ ಅಳಿಸಿ, ಎಡಗಡೆಯದನ್ನೇ ಎರಡೂ ಕಡೆಗೆ ನಕಲು ಮಾಡಿದೆವು. ಹತ್ತು ನಿಮಿಷದ ಕೆಲಸ. ಸಾಹೇಬರ ಹದಿನೈದು ದಿವಸ ಫೋನಿನ ಸ್ಪೀಕರಿನಲ್ಲಿ ಮೊದಲ ಸಲ ಕೇಳಿಸಿತು.

ಕಾಕಾನ ಟ್ರಂಕು

ಅವತ್ತು ಸಂಜೆಯವರೆಗೂ ಕಾಕಾನ ಕಬ್ಬಿಣದ ಟ್ರಂಕಿನ ಮುಂದೆ ಕೂತೆವು. ಊರಿನಲ್ಲಿ ಶಾಲೆಯ ಕಾರ್ಯಕ್ರಮ, ಸಂಘದ ಸಭೆ, ನಾಟಕ ಎಂದು ನೀವೂ ಮೈಕ್ ಜೋಡಿಸುತ್ತೀರಿ, ಫೋನಿನಲ್ಲಿ ಲೈವ್ ಹಾಕುತ್ತೀರಿ. ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಕೆನನ್. ಇದು ಕ್ಯಾಮೆರಾ ಕಂಪನಿಯ ಹೆಸರಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜೇಮ್ಸ್ ಕ್ಯಾನನ್ ಎಂಬವರು 1915ರಲ್ಲಿ ಶುರುಮಾಡಿದ ಕಂಪನಿ ಈ ಜಾತಿಯ ಪಿನ್ ಮಾಡಿತು. ಪುಸ್ತಕದಲ್ಲಿ ಇದರ ಹೆಸರು ಎಕ್ಸ್‌ಎಲ್‌ಆರ್. ಬಜಾರಿನಲ್ಲಿ ಮಾತ್ರ ಆ ಯಜಮಾನರ ಹೆಸರೇ ಉಳಿದಿದೆ. ಮೈಕಿಗೆ ಇದೇ ಸರಿ. ಒಳಗೆ ಎರಡು ಎಳೆ, ಸುತ್ತ ತಾಮ್ರದ ಜಾಲರಿ. ನೂರು ಮೀಟರ್ ಎಳೆದರೂ ಮಾತು ಕೆಡುವುದಿಲ್ಲ.

ಆಮೇಲೆ ಪಿ-38. ಗಿಟಾರ್, ಕೀಬೋರ್ಡ್, ಹಳೆಯ ಮೈಕುಗಳಿಗೆ ಇರುವ ದಪ್ಪ ಜಾಕ್. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು ಒಂದು ಲೈನಿನಿಂದ ಇನ್ನೊಂದಕ್ಕೆ ಚುಚ್ಚುತ್ತಿದ್ದ ಪಿನ್ನಿನ ವಂಶದ್ದು. ಅದರ ಮೇಲೆ ಒಂದೇ ಕಪ್ಪು ಪಟ್ಟಿ ಇದ್ದರೆ ದನಿಗೆ ಒಂದೇ ಎಳೆ. ಗಲೀಜು ಕಳೆಯುವ ಲೆಕ್ಕ ಅದರಲ್ಲಿ ಇಲ್ಲ. ಐದಾರು ಮೀಟರಿನ ಒಳಗೆ ಇಟ್ಟುಕೊಳ್ಳಿ. ಎರಡು ಪಟ್ಟಿ ಇದ್ದರೆ ಅದು ಸ್ಟೀರಿಯೊ ಇರಬಹುದು, ಬ್ಯಾಲೆನ್ಸ್ಡ್ ಇರಬಹುದು. ಯಾವುದಕ್ಕೆ ಚುಚ್ಚುತ್ತೀರಿ ಎಂಬುದರ ಮೇಲೆ ನಿಂತಿದೆ. ನಾವು ಬಿದ್ದದ್ದು ಇಂಥ ಗುಂಡಿಯಲ್ಲೇ.

ಟಿವಿ, ಡಿವಿಡಿ ಕಾಲದ ಹಳದಿ, ಕೆಂಪು, ಬಿಳಿ ಪಿನ್ನು ಆರ್‌ಸಿಎ. ಕೆಂಪು ಬಲಗಡೆಯ ದನಿ, ಬಿಳಿ ಎಡಗಡೆಯದು, ಹಳದಿ ಚಿತ್ರ. ದನಿಯ ಕೇಬಲನ್ನು ಹಳದಿಗೆ ಬಳಸಿದರೂ ಚಿತ್ರ ಬರುತ್ತದೆ, ಉದ್ದ ಹೆಚ್ಚಿದಂತೆ ಮಸುಕಾಗುತ್ತದೆ. ಚಿತ್ರಕ್ಕೆ 75 ಓಮಿನ ಕೇಬಲ್ ಬೇಕು.

ಇಪಿ ಪಿನ್ನಿನಲ್ಲಿ ಇನ್ನೊಂದು ಮೋಸ ಇದೆ. ಫೋನಿಗೆ ಕಾಲರ್ ಮೈಕ್ ಚುಚ್ಚಿ ಸಂದರ್ಶನ ಮಾಡಿ, ಕೊನೆಗೆ ಕೇಳಿದರೆ ಬರೀ ಗಾಳಿ ಸದ್ದು ಬಂದಿದೆ ಎಂದು ಬೇಸರಪಟ್ಟವರು ನಮ್ಮ ಗೆಳೆಯರಲ್ಲೇ ಇದ್ದಾರೆ. ಪಿನ್ನಿನ ಮೇಲಿನ ಕಪ್ಪು ಪಟ್ಟಿ ಎಣಿಸಿ. ಕ್ಯಾಮೆರಾದ ಮೈಕಿಗೆ ಎರಡು, ಫೋನಿನ ಮೈಕಿಗೆ ಮೂರು. ಎರಡು ಪಟ್ಟಿಯದನ್ನು ಫೋನಿಗೆ ಚುಚ್ಚಿದರೆ ಫೋನ್ ಅದನ್ನು ಬರೀ ಇಯರ್‌ಫೋನ್ ಎಂದು ತಿಳಿದು, ತನ್ನ ಹೊಟ್ಟೆಯೊಳಗಿನ ಮೈಕನ್ನೇ ಬಳಸುತ್ತದೆ. ನಡುವೆ ಒಂದು ಸಣ್ಣ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಸರಿಯಾಗಿದೆಯೇ ಎಂದು ನೋಡಲು ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ. ರೆಕಾರ್ಡಿಂಗಿನಲ್ಲಿ ಪರಪರ ಕೇಳಬೇಕು.

ಪಿನ್ ಕೂತ ಮಾತ್ರಕ್ಕೆ ಬಲವೂ ಹೊಂದಿತು ಎಂದಲ್ಲ. ಮೈಕಿನಿಂದ ಬರುವ ವಿದ್ಯುತ್ತು ಬಹಳ ಸಣ್ಣದು. ಮಿಕ್ಸರಿನಿಂದ ಹೊರಡುವ ಲೈನ್ ಅದರ ನೂರಾರು ಪಟ್ಟು ದೊಡ್ಡದು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವುದು ಇನ್ನೂ ಬಹಳ ದೊಡ್ಡದು. ಮಿಕ್ಸರಿನ ಲೈನನ್ನು ಕ್ಯಾಮೆರಾದ ಮೈಕ್ ತೂತಿಗೆ ಕೊಟ್ಟರೆ ದನಿ ಹರಿದು ಬರುತ್ತದೆ. ಸ್ಪೀಕರಿನ ವಾಯರನ್ನೇ ರೆಕಾರ್ಡರಿಗೆ ಕೊಟ್ಟರೆ ರೆಕಾರ್ಡರ್ ಸುಡಬಹುದು.

ಸ್ಪೀಕರಿನ ವಾಯರಿಗೆ ಜಾಲರಿ ಬೇಡ, ದಪ್ಪ ತಾಮ್ರ ಬೇಕು. ಮೈಕಿನ ತೆಳು ವಾಯರನ್ನು ಅಲ್ಲಿ ಹಾಕಿದರೆ ಬಿಸಿಯಾಗುತ್ತದೆ, ದನಿಯ ಬಲ ದಾರಿಯಲ್ಲೇ ಕರಗುತ್ತದೆ. ಸ್ಪೀಕರಿನ ವಾಯರನ್ನು ಮೈಕಿಗೆ ಹಾಕಿದರೆ ಜಾಲರಿಯಿಲ್ಲದ್ದರಿಂದ ಊರಿನ ಗಲೀಜೆಲ್ಲ ಒಳಗೆ ಬರುತ್ತದೆ. ಜಾತ್ರೆಯಲ್ಲಿ ಕಂಬಕಂಬಕ್ಕೆ ಕಟ್ಟುವ ಹಾರ್ನುಗಳದು ಬೇರೆ ರೀತಿ. ಅವಕ್ಕೆ 100 ವೋಲ್ಟಿನ ಲೈನ್ ಕೊಟ್ಟು, ಒಂದೊಂದು ಹಾರ್ನಿಗೂ ಸಣ್ಣ ಟ್ರಾನ್ಸ್‌ಫಾರ್ಮರ್ ಇಡುತ್ತಾರೆ. ಕರೆಂಟ್ ಕಂಪನಿಯವರು ಹೈಟೆನ್ಶನ್ ಎಳೆಯುವುದೂ ಇದೇ ಕಾರಣಕ್ಕೆ. ವೋಲ್ಟೇಜ್ ಹೆಚ್ಚಿದ್ದರೆ ತೆಳು ವಾಯರಿನಲ್ಲೂ ದೂರ ಹೋಗಬಹುದು. ಹಾಡು ಬರುವ ವಾಯರ್ ತಾನೆ ಎಂದು ಬರಿಗೈಯಲ್ಲಿ ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ.

ಗುಂಯ್ ಎನ್ನುವ ಸದ್ದಿನ ಬಗ್ಗೆ ಕಾಕಾ ಬಹಳ ಹೊತ್ತು ಮಾತಾಡಿದರು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ತೂಗಾಡುತ್ತದೆ. ಅದೇ ದನಿಯಾಗಿ ಸ್ಪೀಕರಿಗೆ ಬರುತ್ತದೆ. ಮಿಕ್ಸರಿಗೆ ಗುಡಿಯ ಬೋರ್ಡಿನಿಂದ, ಲ್ಯಾಪ್‌ಟಾಪಿಗೆ ಶಾಲೆಯ ಬೋರ್ಡಿನಿಂದ ಕರೆಂಟ್ ತಂದು, ಎರಡನ್ನೂ ಕೇಬಲಿನಿಂದ ಜೋಡಿಸಿದರೆ ಎರಡು ಅರ್ಥಿಂಗಿನ ನಡುವೆ ಸುತ್ತು ಆಗಿ ಈ ಗುಂಯ್ ಹುಟ್ಟುತ್ತದೆ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಮೈಕಿನ ವಾಯರ್ ಕರೆಂಟ್ ವಾಯರಿನ ಜೊತೆಜೊತೆಗೆ ಓಡದಿರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಕೆಲವರು ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಮುರಿಯುತ್ತಾರೆ. ಸದ್ದು ನಿಲ್ಲಬಹುದು. ಆದರೆ ಮಳೆಯಲ್ಲಿ ನೆನೆದ ವೇದಿಕೆಯ ಮೇಲೆ ಮೈಕ್ ಹಿಡಿದವನ ಜೀವ ಕಾಯುವುದು ಆ ಪಿನ್ನೇ. “ಗುಂಯ್ ಅನ್ನೋದು ಛಲೋ, ಹೆಣ ಎತ್ತೋದಕ್ಕಿಂತ” ಎಂದರು ಕಾಕಾ. ನಗಲಿಲ್ಲ.

ಚಿತ್ರದ ದಾರಿ

ದನಿಯಷ್ಟು ತೊಡಕು ಚಿತ್ರದಲ್ಲಿ ಇಲ್ಲ. ಚಿತ್ರ ಬಂದಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಆದರೂ ಮೂರು ಮಾತು.

ಪಂಚಾಯಿತಿಯ ಹಳೆಯ ಪ್ರೊಜೆಕ್ಟರಿಗೆ ಇರುವ 15 ಪಿನ್ನಿನ ವಿಜಿಎ ಕೇಬಲ್ ಚಿತ್ರವನ್ನಷ್ಟೇ ಒಯ್ಯುತ್ತದೆ. ದನಿಗೆ ಬೇರೆ ವಾಯರ್ ಬೇಕು. ಎಚ್‌ಡಿಎಂಐ ಎರಡನ್ನೂ ಒಯ್ಯುತ್ತದೆ. ಆದರೆ ಹತ್ತು ಮೀಟರ್ ದಾಟಿದ ಮೇಲೆ ಸಾದಾ ಎಚ್‌ಡಿಎಂಐಯನ್ನು ನಂಬುವ ಹಾಗಿಲ್ಲ. ಚಿತ್ರ ಮಿನುಗುತ್ತದೆ, ಇಲ್ಲವೇ ನಡುವೆ ಕಪ್ಪಾಗುತ್ತದೆ.

ಜಾತ್ರೆಯಲ್ಲಿ ಕ್ಯಾಮೆರಾದಿಂದ ದೂರದ ಎಲ್‌ಇಡಿ ಪರದೆಗೆ ಚಿತ್ರ ಕಳಿಸುವವರು ಎಸ್‌ಡಿಐ ಬಳಸುತ್ತಾರೆ. ಮನೆಯ ಡಿಶ್ಶಿಗೆ ಬರುವ ಕೇಬಲಿನ ಜಾತಿಯದೇ, 75 ಓಮ್, ತುದಿಗೆ ತಿರುವಿ ಕೂರಿಸುವ ಬಿಎನ್‌ಸಿ ಪಿನ್. ಒಳ್ಳೆಯ ಕೇಬಲ್ ಆದರೆ ಎಪ್ಪತ್ತು ಎಂಬತ್ತು ಮೀಟರ್ ನಿರಾಳ. ನಡುವೆ ಕತ್ತರಿಸಿ ಟೇಪ್ ಸುತ್ತಿದರೆ ಮಾತ್ರ ಕೆಟ್ಟಿತು.

ಮೂರನೆಯದು ಟೈಪ್-ಸಿ. ಪಿನ್ ನೋಡಲು ಒಂದೇ ಥರ, ಒಳಗಿನ ಎಳೆಗಳು ಬೇರೆ. ಚಾರ್ಜರಿನ ಜೊತೆ ಬಂದ ಕೇಬಲಿನಲ್ಲಿ ಸಾಮಾನ್ಯವಾಗಿ ಚಿತ್ರ ಒಯ್ಯುವ ಎಳೆ ಇರುವುದಿಲ್ಲ. ಕೇಬಲ್ ಸರಿ ಇದ್ದರೂ ಫೋನಿನಲ್ಲಿ ಚಿತ್ರ ಹೊರಗೆ ಕೊಡುವ ವ್ಯವಸ್ಥೆ ಇರಬೇಕು. ಟಿವಿಗೆ ಜೋಡಿಸಲು ಹೊಸ ಕೇಬಲ್ ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಫೋನ್ ಚುಚ್ಚಿ ನೋಡಿ.

ಈಗ ನಾವು ಎಲ್ಲಿಗೆ ಹೋದರೂ ಕೇಬಲ್ ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಈ ತುದಿಯಿಂದ ಹೊರಡುವುದು ಏನು: ಮೈಕೋ, ಲೈನೋ, ಸ್ಪೀಕರೋ? ಆ ತುದಿಯ ಯಂತ್ರಕ್ಕೆ ಬೇಕಾದದ್ದು ಏನು? ನಡುವೆ ಎಷ್ಟು ದೂರ? ಇಷ್ಟು ಗೊತ್ತಾದರೆ ಪಿನ್ನಿನ ಹೆಸರು ಮರೆತರೂ ಅಂಗಡಿಯವರು ಸರಿಯಾದದ್ದನ್ನು ಕೊಡುತ್ತಾರೆ. ಕೇಬಲನ್ನು ಮೊಣಕೈಗೆ ಬಿಗಿದು ಸುತ್ತುವುದನ್ನೂ ಬಿಟ್ಟಿದ್ದೇವೆ. ಹಾಗೆ ಸುತ್ತಿದರೆ ಒಳಗಿನ ಎಳೆ ತಿರುಚಿ ಮುರಿಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಹದಿನೈದು ದಿವಸ

ಹದಿನಾರನೆಯ ದಿನ ದೊಡ್ಡವ್ವ, ಓಣಿಯ ಏಳೆಂಟು ಹೆಣ್ಣುಮಕ್ಕಳು ಪಂಚಾಯಿತಿಗೆ ಹೋದರು. ನಾವೂ ಹೋದೆವು. ಅಲ್ಲಿದ್ದವರು ನಡಾವಳಿ ಪುಸ್ತಕ ತೆಗೆದು, “ಹದಿನೈದು ದಿವಸ ಅಂತ ಯಾರು ಹೇಳ್ಯಾರ? ಪರಿಶೀಲಿಸಲಾಗುವುದು ಅಂತೈತಿ ನೋಡ್ರಿ” ಎಂದರು.

ದೊಡ್ಡವ್ವ ಏನೂ ಮಾತಾಡಲಿಲ್ಲ. ಸೆರಗಿನ ಗಂಟಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಗಾಜು ಸೀಳಿದ, ಒಂದೇ ಸ್ಪೀಕರಿನ ಹಳೆಯ ಫೋನು. ಮೊಮ್ಮಗಳು ವಿಡಿಯೋ ಒತ್ತಿದಳು. ಇಡೀ ಕೋಣೆಗೆ ಕೇಳುವಂತೆ ಸಾಹೇಬರ ದನಿ ಬಂತು. ಕೊನೆಯ ಚಪ್ಪಾಳೆಯವರೆಗೂ ಯಾರೂ ಅಲುಗಾಡಲಿಲ್ಲ.

ನಡಾವಳಿಯಲ್ಲಿ ಮುಂದಿನ ಸಭೆಗೆ ಆ ಮಾತು ಬರೆಸಿಕೊಂಡರು. ಘಟಕ ಚಾಲೂ ಆಯಿತು. ಹದಿನೈದು ದಿನಕ್ಕಲ್ಲ, ಎರಡು ತಿಂಗಳಿಗೆ. ನಡುವೆ ಫಿಲ್ಟರ್ ಕೆಟ್ಟು ಮತ್ತೊಮ್ಮೆ ನಿಂತಿತ್ತು, ಮತ್ತೆ ಹೋಗಿ ಕೇಳಬೇಕಾಯಿತು. ಒಂದು ಕೇಬಲಿನಿಂದ ನೀರು ಬಂತು ಎಂದು ನಾವು ಹೇಳುವುದಿಲ್ಲ. ನೀರು ತಂದದ್ದು ಮತ್ತೆ ಮತ್ತೆ ಹೋಗಿ ನಿಂತ ಹೆಣ್ಣುಮಕ್ಕಳು. ಆದರೆ ಅವತ್ತು ಆ ಫೋನು ಮೂಕವಾಗಿದ್ದರೆ ಅವರು ಸುಳ್ಳುಗಾರರಾಗಿ ಹೊರಗೆ ಬರುತ್ತಿದ್ದರು. ಅದಕ್ಕೆ ಕಾರಣ ನಾವಾಗುತ್ತಿದ್ದೆವು.

ಈಗ ಯಾವುದೇ ವಿಡಿಯೋ ಕಳಿಸುವ ಮೊದಲು ನಾವು ಇಯರ್‌ಫೋನ್ ಕಿತ್ತು ಪಕ್ಕಕ್ಕಿಡುತ್ತೇವೆ. ನಮ್ಮಿಬ್ಬರ ಫೋನಿಗೂ ಎರಡೆರಡು ಸ್ಪೀಕರ್ ಬಂದಿವೆ. ಹಾಗಾಗಿ ಚಹಾ ಅಂಗಡಿಯವರ ಹಳೆಯ ಫೋನ್ ಇಸಿದುಕೊಂಡು, ಬಸ್ಸಿನ ಹಾರನ್ನಿನ ನಡುವೆ, ಒಂದು ಸಲ ಅದರಲ್ಲೇ ಕೇಳಿ ನೋಡುತ್ತೇವೆ. ಅದರಲ್ಲಿ ಕೇಳಿಸಿದರೆ ದೊಡ್ಡವ್ವನ ಓಣಿಯಲ್ಲೂ ಕೇಳಿಸುತ್ತದೆ.